ಅರ್ಧ ಹೆಸರು

ಫೆಬ್ರವರಿ ೩

ಅತ್ತಿಗೆಗೆ,

ಇದು ಸಹಾಯ ಕೇಳುವ ಪತ್ರವಲ್ಲ, ತಿಳಿಸುವ ಪತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 'ಇವಳಿಗೆ ಈಗ ನನ್ನ ನೆನಪಾಯಿತೇನೋ' ಎಂದು ನೀವು ಮೂಗು ಮುರಿಯುವುದು ಬೇಡ. ನಿಮ್ಮ ಹೊಸ ಫೋನ್ ನಂಬರು ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಮಾಡುತ್ತಿರಲಿಲ್ಲ, ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ವಿಳಾಸ ಸಿಕ್ಕಿದ್ದು ಅಣ್ಣನ ಮೇಜಿನ ಮೇಲೆ ಬಿದ್ದಿದ್ದ ವಕೀಲರ ಲಕೋಟೆಯಿಂದ. ಅವನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ನೀವು ಅಣ್ಣನ ಮನೆಯನ್ನೂ ಈ ಆಸ್ಪತ್ರೆಯ ಕೆಲಸವನ್ನೂ ಒಂದೇ ವಾರದಲ್ಲಿ ಬಿಟ್ಟು ಹೋದಮೇಲೆ ನಿಮ್ಮ ಕುರ್ಚಿಗೆ ನಾನೇ ಬಂದೆ. ನೀವು ಕಟ್ಟಿದ ನೋಂದಣಿ ಸಾಫ್ಟ್‌ವೇರ್, ರೋಗಿಗಳ ದಾಖಲೆಗಳೆಲ್ಲ ಕೂತಿರುವ ಅದರ ಬೆನ್ನಿನ ಡೇಟಾಬೇಸ್, ಕೆಳಮಹಡಿಯ ತಣ್ಣನೆ ಕೋಣೆಯಲ್ಲಿ ಗುಂಯ್‌ಗುಡುವ ಸರ್ವರ್, ಎಲ್ಲ ಈಗ ನನ್ನ ಕೊರಳಿಗೆ ಬಿದ್ದಿವೆ. ಬಿದ್ದಿವೆ ಎಂದು ದೂರುತ್ತಿಲ್ಲ. ಕೆಲಸ ಕಲಿಸಿದವರು ನೀವೇ, ದೂರಿದರೆ ನಿಮಗೇ ಹೋಗಿ ಮುಟ್ಟುತ್ತದೆ.

ಈಗ ವಿಷಯ. ನೋಂದಣಿ ಕಿಟಕಿಯಲ್ಲಿ ಕೂರುವ, ಆಸ್ಪತ್ರೆಯವರೆಲ್ಲ ದೊಡ್ಡಕ್ಕ ಎಂದೇ ಕರೆಯುವ ನಮ್ಮ ದೊಡ್ಡಕ್ಕ ರೋಗಿಯ ಹೆಸರು ಹಾಕಿ 'ಹುಡುಕು' ಒತ್ತಿದರೆ ಪರದೆಯ ಮೇಲೆ ಆ ಪುಟಾಣಿ ಚಕ್ರ ತಿರುಗುತ್ತ ಕೂರುತ್ತದೆ. ಅಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು, ಕನ್ನಡಕ ಒರೆಸಿಕೊಂಡು ಬರಬಹುದು. ಸಾಲು ಔಷಧದ ಕೌಂಟರನ್ನು ದಾಟಿ ಮೆಟ್ಟಿಲಿನವರೆಗೆ ಬೆಳೆದಿದೆ. ಕಾಯುವವರು ಕಂಪ್ಯೂಟರಿಗೆ ಬೈಯುವುದಿಲ್ಲ, ದೊಡ್ಡಕ್ಕನಿಗೆ ಬೈಯುತ್ತಾರೆ. ದೊಡ್ಡಕ್ಕ ನನಗೆ ಬೈಯುತ್ತಾಳೆ. "ಏನೇ, ನಿನ್ ಮಿಷನ್ನು ನಿದ್ದೆ ಮಾಡ್ತಿದ್ಯಾ, ಸತ್ತೋಗಿದ್ಯಾ, ಒಂದ್ಸಲ ಹೇಳ್ಬಿಡು."

ಹೊಸದಾಗಿ ಬಂದಿರುವ ನಿರ್ದೇಶಕರು ಒಂದು ಕಂಪನಿಯವರನ್ನು ಕರೆಸಿದ್ದಾರೆ. ಬಂದವನು ಸೆಕೆಯಲ್ಲೂ ಕೋಟು ಬಿಚ್ಚದವನು, ಅವನಿಗೆ ನಾವೆಲ್ಲ 'ಕೋಟು' ಎಂದೇ ಹೆಸರಿಟ್ಟಿದ್ದೇವೆ. ಅವನ ಸಾಫ್ಟ್‌ವೇರ್ ಕಣ್ಣು ಮಿಟುಕಿಸುವುದರಲ್ಲಿ ಹುಡುಕಿಕೊಡುತ್ತದೆ. ಯಾಕೆಂದರೆ ಅದು ಹೆಸರನ್ನು ಹುಡುಕುವುದೇ ಇಲ್ಲ. ಕಾರ್ಡಿನಲ್ಲಿರುವ ನಂಬರು ಹಾಕಬೇಕು. ಕಾರ್ಡು ಇಲ್ಲದವರನ್ನು ಹೊಸ ರೋಗಿ ಎಂದು ಬರೆದುಕೊಳ್ಳಬೇಕು. ಹಳೆಯ ದಾಖಲೆ ಎಲ್ಲೋ, ಮನುಷ್ಯ ಎಲ್ಲೋ. ಯಾವ ಔಷಧ ಒಗ್ಗುವುದಿಲ್ಲ ಎಂದು ಹತ್ತು ವರ್ಷದ ಹಿಂದೆ ಬರೆದಿಟ್ಟದ್ದು ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ.

ಇದನ್ನು ತರಬೇಕಾದರೆ ಹಳೆಯದು ಕೆಟ್ಟದ್ದು ಎಂದು ಯಾರಾದರೂ ಬರೆದುಕೊಡಬೇಕಲ್ಲ? ಆ ಕಾಗದ ನನ್ನ ಮೇಜಿನ ಮೇಲಿದೆ. 'ಈ ವ್ಯವಸ್ಥೆಯನ್ನು ಕಟ್ಟುವಾಗಲೇ ಮೂಲದಲ್ಲಿ ದೋಷವಿತ್ತು, ದುರಸ್ತಿ ಸಾಧ್ಯವಿಲ್ಲ.' ಕೆಳಗೆ ನನ್ನ ಸಹಿಗೆ ಜಾಗ. ಮೇ ಕೊನೆಯವರೆಗೆ ಗಡುವು.

ನಿರ್ದೇಶಕರು ಕೇಳಿದರು, "ಯಾರು ಇದನ್ನ ಕಟ್ಟಿದ್ದು?"

"ನಮ್ಮ ಅತ್ತಿಗೆ."

"ಈಗೆಲ್ಲಿದ್ದಾರೆ?"

"ಬಿಟ್ಟು ಹೋದ್ರು."

"ಬಿಟ್ಟು ಹೋಗೋರ ಕೆಲ್ಸ ಹಿಂಗೇ ಇರುತ್ತೆ ಬಿಡಿ."

ಸಹಿ ಹಾಕುವುದಿಲ್ಲ ಎಂದು ಹೇಳಿ ಎದ್ದು ಬಂದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಕೈಗೆ ನಾನು ಚಾಕು ಕೊಡುವುದಿಲ್ಲ. ಇಷ್ಟನ್ನು ತಿಳಿಸಬೇಕಿತ್ತು, ತಿಳಿಸಿದ್ದೇನೆ.

ಒಂದು ಸಣ್ಣ ಅನುಮಾನ, ಉತ್ತರಿಸಲೇಬೇಕೆಂದಿಲ್ಲ. ಹೆಸರನ್ನು ಮೊದಲಕ್ಷರದಿಂದ ಹುಡುಕಿದ್ದರೆ ಬೇಗ ಸಿಗುತ್ತಿತ್ತು. ನೀವು ಮಾತ್ರ ಹೆಸರಿನ ಒಳಗೆ ಎಲ್ಲಿದ್ದರೂ ಸಿಗಬೇಕು ಎಂದು ಬರೆದಿದ್ದೀರಿ, ನಡುವೆ, ಕೊನೆಯಲ್ಲಿ, ಎಲ್ಲೆಂದರಲ್ಲಿ. ಯಾಕೆ?

ಇಂತಿ,
ನಿಮ್ಮ ಮಾಜಿ ನಾದಿನಿ


ಫೆಬ್ರವರಿ ೧೭

ಪತ್ರ ತಲುಪಿತು.

'ಮಾಜಿ' ಎಂಬ ಪದ ನಾನು ಎಲ್ಲೂ ಬಳಸಿರಲಿಲ್ಲ. ಅದು ನಿನ್ನ ಮನೆಯವರ ಪದ.

ಅವರು ನನ್ನ ಬಗ್ಗೆ ಏನು ಬರೆದುಕೊಂಡರೂ ನನಗೆ ಕೂದಲೂ ಕೊಂಕುವುದಿಲ್ಲ. ನಾನೀಗ ಮೂರು ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಂಡು ನೆಮ್ಮದಿಯಾಗಿದ್ದೇನೆ. ಅಂಗಡಿ ಮುಚ್ಚಿದರೆ ಬಾಗಿಲು ಎಳೆದುಕೊಂಡು ಮನೆಗೆ ಬರುತ್ತೇನೆ. ನೀನು ಸಹಿ ಹಾಕಿ ನಿನ್ನ ಕೆಲಸ ಉಳಿಸಿಕೋ. ಎತ್ತು ಈಯಿತು ಎಂದವರ ಜೊತೆ ವಾದಕ್ಕೆ ನಿಂತರೆ ಹಗ್ಗ ಹಿಡಿಯುವ ಕೆಲಸ ನಿನಗೇ ಬರುತ್ತದೆ.

ಕೇಳಿದ್ದಕ್ಕೆ ಉತ್ತರ. ಕೆಲಸ ಶುರು ಮಾಡುವ ಮೊದಲು ದೊಡ್ಡಕ್ಕನ ಬೆನ್ನ ಹಿಂದೆ ಒಂದು ವಾರ ಕೂತಿದ್ದೆ. ಕಾರ್ಡಿನಲ್ಲಿರುವ ಹಾಗೆ ಯಾರೂ ತಮ್ಮ ಹೆಸರು ಹೇಳುವುದಿಲ್ಲ. ಜ್ವರದಲ್ಲಿ ಬಂದವರು ಮನೆಯವರು ಕರೆಯುವಷ್ಟು ತುಂಡನ್ನು ಹೇಳುತ್ತಾರೆ. ಮುದುಕಿಯನ್ನು ಕರೆತಂದ ಪಕ್ಕದ ಮನೆಯವನಿಗೆ ಹೆಸರಿನ ಬಾಲ ಮಾತ್ರ ಗೊತ್ತಿರುತ್ತದೆ. ಗಂಡನ ಹೆಸರು ಸೇರಿಸಿಕೊಂಡವಳು ಒಂದು ದಿನ ಸೇರಿಸಿ ಹೇಳುತ್ತಾಳೆ, ಇನ್ನೊಂದು ದಿನ ಬಿಟ್ಟು ಹೇಳುತ್ತಾಳೆ. ಅರ್ಧ ಹೆಸರು ಹೇಳಿದವರೂ ಸಿಗಬೇಕು ಎಂದು ಹಾಗೆ ಬರೆದೆ. ಆಗ ದಾಖಲೆಗಳು ಕಡಿಮೆ ಇದ್ದವು, ಬೇಗ ಸಿಗುತ್ತಿದ್ದವು.

ಇನ್ನೊಂದು. ನಾನು ಬಿಟ್ಟಮೇಲೆ ಸರ್ವರ್ ಬದಲಾಯಿಸಿದರು ಎಂದು ಕೇಳಿದ್ದೆ. ಹೊಸ ಮಿಷನ್ನು ದೊಡ್ಡದು ಎಂದು ಡೇಟಾಬೇಸಿಗೆ ಯಾರಾದರೂ ಹೇಳಿದ್ದಾರಾ? ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಸೆಟ್ಟಿಂಗ್ ನೋಡು.

ಮತ್ತೆ ಬರೆಯುವ ಅಗತ್ಯವಿಲ್ಲ.

ಇಂತಿ,
ಬಿಟ್ಟು ಹೋದವಳು


ಮಾರ್ಚ್ ೨

ಅತ್ತಿಗೆ,

ಅಗತ್ಯವಿಲ್ಲ ಎಂದಿರಿ, ಬೇಡ ಎನ್ನಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಹಿ ಹಾಕಿಲ್ಲ.

ಸೆಟ್ಟಿಂಗ್ ನೋಡಿದೆ. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ ಸರ್ವರ್ ತಂದು ಕೂರಿಸಿದವರು ಹಳೆಯ ಮಿಷನ್ನಿನ ಸೆಟ್ಟಿಂಗನ್ನೇ ಯಥಾವತ್ತು ಎತ್ತಿ ಹೊಸದರಲ್ಲಿ ಇಟ್ಟಿದ್ದಾರೆ. ಹೊಸ ಸರ್ವರಿನ ಮೆಮೊರಿ ಹಳೆಯದರ ಹದಿನಾರು ಪಟ್ಟು ಇದೆ, ನಮ್ಮ ಡೇಟಾಬೇಸ್ ಮಾತ್ರ ಹಳೆಯ ಅಳತೆಯಷ್ಟನ್ನೇ ಬಳಸಿಕೊಂಡು ಮೂಲೆಯಲ್ಲಿ ಮುದುರಿ ಕೂತಿದೆ. ದೊಡ್ಡ ಮನೆ ಕಟ್ಟಿಸಿ, ಒಬ್ಬರಿಗೂ ಬೀಗದ ಕೈ ಕೊಡದೆ, ಎಲ್ಲರನ್ನೂ ಜಗುಲಿಯಲ್ಲೇ ಮಲಗಿಸಿದ ಹಾಗೆ. ಸೆಟ್ಟಿಂಗಿನಲ್ಲಿ ಎರಡು ಸಾಲು ಬದಲಾಯಿಸಿದೆ.

ಇನ್ನೊಂದು ಸಂಗತಿ ಕೇಳಿ. ಮಧ್ಯಾಹ್ನ ಊಟದ ನಂತರ ನಿಧಾನ ಹೆಚ್ಚುತ್ತಿತ್ತು, ದಿನಾ, ತಪ್ಪದೆ. ಜನ ಆಗ ಕಡಿಮೆ, ಆದರೂ ನಿಧಾನ. ತಲೆ ಕೆರೆದುಕೊಂಡು ಸಾಕಾಗಿತ್ತು. ಒಂದು ದಿನ ಊಟ ಬಿಟ್ಟು ಸರ್ವರ್ ಕೋಣೆಯಲ್ಲೇ ಕೂತೆ. ಬಾಗಿಲು ತೆರೆದು ನಮ್ಮ ಆಡಳಿತಾಧಿಕಾರಿ ಒಳಗೆ ಬಂದರು. ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಬಂದು, ಸರ್ವರಿನ ಗುಂಡಿ ಒತ್ತಿ ಅದನ್ನು ಆರಿಸಿ, ಮತ್ತೆ ಹಚ್ಚಿದರು.

"ಸರ್, ಏನ್ ಮಾಡ್ತಿದ್ದೀರಿ?"

"ಬೆಳಗಿಂದ ದುಡಿದಿರುತ್ತಲ್ಲಮ್ಮ, ಸ್ವಲ್ಪ ರೆಸ್ಟ್ ಕೊಡ್ತೀನಿ. ನಾನು ದಿನಾ ಮಾಡ್ತೀನಿ. ಪಾಪ, ಕಾದಿರುತ್ತೆ."

ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಕಷ್ಟ! ಬೆಳಗಿನಿಂದ ಕೇಳಿಸಿಕೊಂಡ ಹೆಸರುಗಳನ್ನೆಲ್ಲ ಅದು ಮೆಮೊರಿಯಲ್ಲಿ ಕೈಗೆಟಕುವ ಹಾಗೆ ಇಟ್ಟುಕೊಂಡಿರುತ್ತದೆ, ಆರಿಸಿದರೆ ಎಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ ಡಿಸ್ಕಿನಲ್ಲಿ ತಡಕಾಡಬೇಕಾಗುತ್ತದೆ ಎಂದು ವಿವರಿಸಿದೆ. ನಿಧಾನವಾಯಿತೆಂದು ಆರಿಸುವುದು, ಆರಿಸಿದ್ದಕ್ಕೆ ನಿಧಾನವಾಗುವುದು. ಅವರು ತಲೆಯಾಡಿಸಿದರು. ಮಾರನೆಯ ದಿನ ಮತ್ತೆ ಬಂದರು. ಈಗ ಆ ಕೋಣೆಯ ಬೀಗದ ಕೈ ನನ್ನ ಚೀಲದಲ್ಲಿದೆ. ನನ್ನ ಮೇಲೆ ದೂರು ಹೋಗಿದೆ. ಹೋಗಲಿ.

ಇಷ್ಟರಿಂದಲೇ ಬೇರೆ ಪುಟಗಳೆಲ್ಲ ಚುರುಕಾದವು. ಹಾಸಿಗೆ ಖಾಲಿ ಇದೆಯೇ, ರಕ್ತಪರೀಕ್ಷೆಯ ವರದಿ ಬಂತೇ, ಒತ್ತಿದ ಕೂಡಲೇ ಬರುತ್ತದೆ. ಹೆಸರು ಹುಡುಕುವುದೊಂದೇ ಹಟ ಹಿಡಿದು ಕೂತಿದೆ. ಅದನ್ನು ಕಿತ್ತುಹಾಕಿ ನಂಬರಿಗೆ ಕಟ್ಟಿದರೆ ನಾನೂ ಗೆದ್ದೆ ಎನ್ನಬಹುದು. ಹಾಗೆ ಗೆದ್ದರೆ ಕೋಟಿನವನಿಗೂ ನನಗೂ ಕೋಟೊಂದೇ ವ್ಯತ್ಯಾಸ.

ಅಣ್ಣ ಚೆನ್ನಾಗಿದ್ದಾನೆ. ನೀವು ಕೇಳಲಿಲ್ಲ, ನಾನು ತಿಳಿಸಿದೆ. ನೀವು ಬಿಟ್ಟು ಹೋದ ಬಿಳಿ ಲೋಟದಲ್ಲೇ ಚಹಾ ಕುಡಿಯುತ್ತಾನೆ, ಇನ್ನೊಬ್ಬರು ಮುಟ್ಟಿದರೆ ಸಿಡುಕುತ್ತಾನೆ. ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ.

ಇಂತಿ,
ನಾದಿನಿ
(ಮಾಜಿ ತೆಗೆದಿದ್ದೇನೆ, ಗಮನಿಸಿ)


ಏಪ್ರಿಲ್ ೬

ಅತ್ತಿಗೆ,

ಉತ್ತರ ಬರಲಿಲ್ಲ. ಲೋಟದ ವಿಷಯ ಬರೆದದ್ದು ತಪ್ಪಾಯಿತೇ? ಇರಲಿ. ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ, ಓದುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಎಡವಟ್ಟು ಮಾಡಿಕೊಂಡೆ.

ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಇರುತ್ತದಲ್ಲ, ಡೇಟಾಬೇಸಿಗೂ ಅಂಥ ಇಂಡೆಕ್ಸ್ ಮಾಡಿದರೆ ಪುಟ ಪುಟ ಮಗುಚುವುದು ತಪ್ಪುತ್ತದೆ ಎಂದು ನೀವೇ ಕಲಿಸಿದ್ದಿರಿ. ಒಂದರಿಂದ ಒಳ್ಳೆಯದಾದರೆ ಹತ್ತರಿಂದ ಇನ್ನೂ ಒಳ್ಳೆಯದು ಎಂದುಕೊಂಡೆ. ಹೆಸರಿಗೊಂದು, ವಯಸ್ಸಿಗೊಂದು, ಬೀದಿಗೊಂದು, ಫೋನಿಗೊಂದು, ತಂದೆಯ ಹೆಸರಿಗೊಂದು, ಕಂಡ ಕಂಡ ಕಡೆಗೆಲ್ಲ ಇಂಡೆಕ್ಸ್ ಹಾಕಿದೆ. ಭಾನುವಾರ ಹಾಕಿ, ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಹೊಸ ರೋಗಿಗಳ ಹೆಸರು ಬರೆಯುವುದೇ ನಿಂತುಹೋಯಿತು. ದೊಡ್ಡಕ್ಕ ಒಂದು ಹೆಸರು ಸೇರಿಸಿದರೆ ಡೇಟಾಬೇಸ್ ಅಷ್ಟೂ ಇಂಡೆಕ್ಸುಗಳನ್ನು ತಿದ್ದಬೇಕು, ಮೂಗಿಗಿಂತ ಮೂಗುತಿ ಭಾರ. ಇಷ್ಟಾಗಿಯೂ ಅರ್ಧ ಹೆಸರಿನ ಹುಡುಕಾಟ ಒಂದಿಷ್ಟೂ ಬೇಗ ಆಗಲಿಲ್ಲ! ಸಾಲು ಗೇಟಿನ ಆಚೆ ಹೋಯಿತು. ಸಾಲಿನಲ್ಲಿ ಒಬ್ಬ ಅಜ್ಜ ಗೋಡೆಗೆ ಒರಗಿ ನಿಂತಿದ್ದರು. ಕಾರ್ಡು ಇರಲಿಲ್ಲ. ಎರಡು ಸಲ ಕಿಟಕಿಯವರೆಗೆ ಬಂದು ಅರ್ಧ ಹೆಸರು ಹೇಳಿದರು, ಎರಡು ಸಲವೂ ಚಕ್ರ ತಿರುಗುತ್ತಲೇ ಇತ್ತು. ಮೂರನೆಯ ಸಲ ನೋಡಿದರೆ ಅವರು ಇರಲಿಲ್ಲ. ಮನೆಗೆ ಹೋದರಂತೆ. ಯಾವ ಕಾಯಿಲೆಗೆ ಬಂದಿದ್ದರೋ ತಿಳಿಯದು.

ನಿರ್ದೇಶಕರು ಎಲ್ಲರ ಎದುರಿಗೇ ಕೂಗಾಡಿದರು. "ಕೈಲಾಗಲ್ಲ ಅಂದ್ರೆ ಆಗಲ್ಲ ಅನ್ನಿ. ಯಾರ್ದೋ ಮೇಲಿನ ಅಭಿಮಾನಕ್ಕೆ ಆಸ್ಪತ್ರೆ ಒತ್ತೆ ಇಡ್ಬೇಡಿ." ಕೋಟಿನವನು ಪಕ್ಕದಲ್ಲಿ ನಿಂತು ತನ್ನ ಫೋನು ನೋಡಿಕೊಳ್ಳುತ್ತಿದ್ದ. ಕಾಗದ ಮತ್ತೆ ನನ್ನ ಮೇಜಿಗೆ ಬಂತು, ಈ ಸಲ ಪೆನ್ನಿನ ಸಮೇತ.

ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವಮಾನಕ್ಕಲ್ಲ, ಆ ಅಜ್ಜನಿಗಾಗಿ. ಮುಖ ತೊಳೆದು ಬಂದು, ಹಾಕಿದ ಇಂಡೆಕ್ಸುಗಳನ್ನು ಒಂದೊಂದಾಗಿ ಕಿತ್ತೆ. ಸಂಜೆಗೆ ಎಲ್ಲ ಮೊದಲಿನಂತಾಯಿತು, ಅಂದರೆ ಮೊದಲಿನಷ್ಟೇ ನಿಧಾನ.

ಸಹಿ ಹಾಕಲಿಲ್ಲ. ಪೆನ್ನು ಚೆನ್ನಾಗಿತ್ತು, ಈ ಪತ್ರ ಅದರಲ್ಲೇ ಬರೆಯುತ್ತಿದ್ದೇನೆ.

ಇಂತಿ,
ನಾದಿನಿ


ಏಪ್ರಿಲ್ ೧೫

ಮೊಂಡಿ,

ಹತ್ತು ಕಡೆ ಇಂಡೆಕ್ಸ್ ಹಾಕಿದೆಯಾ? ನಾನು ಕಲಿಸಿದ್ದು ಇದನ್ನೇ ಏನು? ಸೋಮವಾರ ಬೆಳಿಗ್ಗೆ, ತುಂಬಿದ ಆಸ್ಪತ್ರೆಯ ಮೇಲೆ ಪ್ರಯೋಗ ಮಾಡುವವಳನ್ನು ಎಲ್ಲಿಯಾದರೂ ಕಂಡಿದ್ದೀಯಾ? ನಿನ್ನ ಪತ್ರ ಓದಿ, ಅಂಗಡಿಯವರು ಹೆದರಿ ನೋಡುವ ಹಾಗೆ ಒಬ್ಬಳೇ ಬೈದುಕೊಂಡೆ.

ಮಾರ್ಚಿನ ಪತ್ರಕ್ಕೆ ಉತ್ತರಿಸದಿರಲು ಲೋಟ ಕಾರಣವಲ್ಲ. ಅದು ಬಂದ ದಿನ ನ್ಯಾಯಾಲಯದಲ್ಲಿ ವಿಚ್ಛೇದನದ ಕೊನೆಯ ಸಹಿ ಇತ್ತು. ನನ್ನ ಪೆನ್ನು ಬರೆಯಲಿಲ್ಲ. ನಿನ್ನ ಅಣ್ಣ ತನ್ನದನ್ನು ಕೊಟ್ಟ. ಸಹಿ ಹಾಕಿ ವಾಪಸು ಕೊಟ್ಟೆ. ಅಷ್ಟೇ ಮಾತುಕತೆ. ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ನಿನ್ನ ಪತ್ರ, ಕೆಳಗೆ 'ನಾದಿನಿ' ಎಂದು. ಏನೆಂದು ಬರೆಯಲಿ?

ಈಗ ಕೆಲಸದ ಮಾತು, ಕಿವಿಗೊಟ್ಟು ಕೇಳು. ಊಹೆ ಮಾಡಬೇಡ, ಡೇಟಾಬೇಸನ್ನೇ ಕೇಳು. ಈ ಪ್ರಶ್ನೆಗೆ ನೀನು ಉತ್ತರ ಹೇಗೆ ಹುಡುಕುತ್ತೀಯ ಎಂದು ಕೇಳಿದರೆ ಅದು ತನ್ನ ದಾರಿಯನ್ನು ಹೇಳುತ್ತದೆ. ಎಲ್ಲ ದಾಖಲೆಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ ಎಂದೇ ಅನ್ನುತ್ತದೆ, ನೋಡು. ಪೂರ್ತಿ ಹೆಸರಿನ ಇಂಡೆಕ್ಸ್ ಮೊದಲಕ್ಷರ ಗೊತ್ತಿದ್ದವರಿಗೆ ಮಾತ್ರ ಉಪಯೋಗ. ಮೊದಲಕ್ಷರವನ್ನೇ ನುಂಗಿ ಮಾತಾಡುವವರಿಗೆ ಏನು ದಾರಿ?

ಹೆಸರನ್ನು ತುಂಡು ಮಾಡು. 'ನವಿಲುಗರಿ' ಎಂಬ ಪದ ತೆಗೆದುಕೋ. ನವಿಲು, ವಿಲುಗ, ಲುಗರಿ. ಮೂರು ಮೂರು ಅಕ್ಷರದ ತುಂಡು. ಆ ತುಂಡುಗಳಿಗೆ ಇಂಡೆಕ್ಸ್ ಮಾಡು. ಯಾರೋ ಬಂದು 'ಲುಗರಿ' ಎಂದಷ್ಟೇ ಹೇಳಿದರೂ ನೇರವಾಗಿ ನವಿಲುಗರಿಯ ಹತ್ತಿರ ಹೋಗಿ ನಿಲ್ಲುತ್ತದೆ. ಒಂದೇ ಒಂದು ಇಂಡೆಕ್ಸ್, ಹೆಸರಿಗೆ ಮಾತ್ರ. ಬೀದಿಗೂ ಬೇಡ, ಬಾವಿಗೂ ಬೇಡ. ಮೊದಲು ಒಂದು ಹಳೆಯ ಕಂಪ್ಯೂಟರಿನಲ್ಲಿ ದಾಖಲೆಗಳ ನಕಲು ಇಟ್ಟುಕೊಂಡು ಅಲ್ಲಿ ಮಾಡಿ ನೋಡು. ಹುಡುಕುವುದನ್ನೂ ನೋಡು, ಬರೆಯುವುದನ್ನೂ ನೋಡು. ಅಲ್ಲಿ ಕೆಟ್ಟರೆ ಯಾವ ಅಜ್ಜನೂ ಮನೆಗೆ ಹೋಗುವುದಿಲ್ಲ.

ಇದು ಆಗದಿದ್ದರೆ ಸಹಿ ಹಾಕಿಬಿಡು. ಒಂದು ಸಹಿಗೆ ಯಾರೂ ಸಾಯುವುದಿಲ್ಲ. ನಾನೇ ಅದಕ್ಕಿಂತ ದೊಡ್ಡದೊಂದು ಹಾಕಿ ಬಂದು, ಸಂಜೆ ಅನ್ನ ಮಾಡಿಕೊಂಡು ಉಂಡೆ.

ಇಂತಿ,
ಗೊತ್ತಲ್ಲ


ಮೇ ೨೬

ಅತ್ತಿಗೆ,

ಸಹಿ ಹಾಕಿಲ್ಲ. ಮುಂದೆಯೂ ಹಾಕುವುದಿಲ್ಲ. ಈಗ ಕಥೆ ಕೇಳಿ.

ಉಗ್ರಾಣದಲ್ಲಿ ಬಿಸಾಕಿದ್ದ ಒಂದು ಕಂಪ್ಯೂಟರನ್ನು ಹೊತ್ತು ತಂದು ದೂಳು ಕೊಡವಿ, ಅದರಲ್ಲಿ ನಕಲು ಇಟ್ಟುಕೊಂಡು ಮೂರು ವಾರ ಒದ್ದಾಡಿದೆ. ಮೊದಲು ಡೇಟಾಬೇಸನ್ನು ಕೇಳಿದೆ. ನೀವು ಹೇಳಿದಂತೆಯೇ ಅಂದಿತು, ಎಲ್ಲವನ್ನೂ ಓದುತ್ತೇನೆ ಎಂದು, ಒಂದಿಷ್ಟೂ ನಾಚಿಕೆಯಿಲ್ಲದೆ. ತುಂಡುಗಳ ಇಂಡೆಕ್ಸ್ ಮಾಡಿದಮೇಲೆ ಮತ್ತೆ ಕೇಳಿದೆ. ದಾರಿ ಬದಲಾಯಿಸಿತ್ತು. ನನಗೆ ನಂಬಿಕೆ ಬರದೆ 'ಹುಡುಕು' ಗುಂಡಿಯನ್ನು ಸುಮ್ಮನೆ ಒತ್ತಿದೆ, ಒತ್ತಿದೆ, ಒತ್ತಿಯೇ ಒತ್ತಿದೆ. ಚಕ್ರ ತಿರುಗಲು ಪುರುಸೊತ್ತೇ ಸಿಗಲಿಲ್ಲ. ದೊಡ್ಡಕ್ಕನನ್ನು ಕರೆತಂದು ಕೂರಿಸಿ, ಹೊಸ ಹೆಸರುಗಳನ್ನು ಬರೆಯಿಸಿ ನೋಡಿದೆ. ಬರೆಯುವುದು ಎಲ್ಲೂ ತಡೆಯಲಿಲ್ಲ. ಆಮೇಲಷ್ಟೇ ನಿಜವಾದ ಸರ್ವರಿಗೆ ಹಾಕಿದೆ, ಭಾನುವಾರ. ಸೋಮವಾರ ಬೆನ್ನು ತಟ್ಟಿಕೊಳ್ಳದೆ ಕಿಟಕಿಯ ಹಿಂದೆ ನಿಂತು ನೋಡಿದೆ.

ಮೊನ್ನೆ ನಿರ್ದೇಶಕರು, ಕೋಟು, ಆಡಳಿತಾಧಿಕಾರಿ ಮೂವರೂ ಬಂದರು. ಗಡುವಿನ ಕಾಗದ ನಿರ್ದೇಶಕರ ಕೈಯಲ್ಲೇ ಇತ್ತು. ಕೋಟಿನವನು, "ನೀವೇ ಆರಿಸಿದ ಹೆಸರು ತೋರಿಸೋದು ಬೇಡ, ಅದು ಯಾರಾದ್ರೂ ಮಾಡ್ತಾರೆ" ಎಂದ. ಸರಿ, ಸಾಲಿನಲ್ಲಿ ಮುಂದೆ ನಿಂತವರನ್ನೇ ಕೇಳೋಣ ಎಂದೆ.

ಮುಂದೆ ಇದ್ದದ್ದು ಒಬ್ಬ ಹೆಂಗಸು, ಹಲ್ಲುನೋವಿಗೆ ಕೆನ್ನೆ ಊದಿಕೊಂಡಿತ್ತು. ಕಾರ್ಡು ಇಲ್ಲ. ಬಾಯಿ ತೆರೆಯಲಾಗದೆ ಹೆಸರಿನ ಹಿಂದಿನ ತುಂಡಷ್ಟನ್ನು ಹೇಗೋ ಹೊರಡಿಸಿದಳು. ದೊಡ್ಡಕ್ಕ ಬೆರಳು ಎತ್ತುವ ಮೊದಲೇ ಪರದೆಯ ಮೇಲೆ ಏಳೆಂಟು ಹೆಸರು. ವಯಸ್ಸು ನೋಡಿ, ಬೀದಿ ಕೇಳಿ, "ಇದೇ ಅಲ್ವೇನಮ್ಮ?" ಎಂದಳು. ಹೆಂಗಸು ತಲೆಯಾಡಿಸಿದಳು. ಯಾವ ಔಷಧ ಅವಳಿಗೆ ಆಗುವುದಿಲ್ಲವೋ ಅದು ಕೆಂಪಕ್ಷರದಲ್ಲಿ ಮೇಲೇ ಇತ್ತು. ದೊಡ್ಡಕ್ಕ ಅದನ್ನು ಗಟ್ಟಿಯಾಗಿ, ಮೂವರಿಗೂ ಕೇಳಿಸುವಂತೆ ಓದಿದಳು.

"ನಿಮ್ಮದ್ರಲ್ಲಿ ಇವ್ರು ಹೊಸ ರೋಗಿ, ಅಲ್ವಾ ಸರ್?" ಎಂದು ಕೋಟಿನವನನ್ನು ಕೇಳಿದೆ. ಅವನು ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದ.

ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. "ಈಗ ಚೆನ್ನಾಗೇ ಆಗಿದೆ, ಒಪ್ಕೋತೀನಿ. ಆದ್ರೂ ಒಂದ್ ಸಹಿ ಹಾಕ್ಬಿಡಿ. ಮೇಲಿನವರಿಗೆ ಮಾತು ಕೊಟ್ಟಾಗಿದೆ. ಹೇಗೂ ಅವ್ರು ಇಲ್ಲಿ ಇಲ್ವಲ್ಲ, ಅವ್ರಿಗೇನ್ ನಷ್ಟ?"

ನನಗೆ ಮೈ ಉರಿಯಿತು, ಅತ್ತಿಗೆ. "ಇಲ್ದೇ ಇರೋರ ಮೇಲೆ ಸುಳ್ಳು ಬರಿಯೋಕೆ ನನ್ ಕೈ ಬೇಕಾ ಸರ್? ನಿಮ್ದೇ ಇದ್ಯಲ್ಲ, ಹಾಕಿ" ಎಂದೆ. ಆಡಳಿತಾಧಿಕಾರಿ ಕೆಮ್ಮಿದರು. ನಿರ್ದೇಶಕರು ಹಾಕಲಿಲ್ಲ. ಸುಳ್ಳಿಗೆ ಸಹಿ ಹಾಕುವುದು ಅವರಿಗೂ ಕಷ್ಟವೇ ಎಂದು ಅಲ್ಲಿಗೆ ಗೊತ್ತಾಯಿತು. ಕಾಗದವನ್ನು ಮಡಿಚಿ ಜೇಬಿಗೆ ಇಟ್ಟುಕೊಂಡು ಹೊರಟರು. ಕೋಟು ಅಂದಿನಿಂದ ಬಂದಿಲ್ಲ. ನನ್ನ ಬಡ್ತಿಯನ್ನು ಮಾತ್ರ ತಡೆಹಿಡಿದಿದ್ದಾರೆ, ಬೀಗದ ಕೈ ಇಟ್ಟುಕೊಂಡದ್ದಕ್ಕೆ, ಎದುರು ಮಾತಾಡಿದ್ದಕ್ಕೆ. ಹಿಡಿದುಕೊಂಡಿರಲಿ, ಅವರಿಗೂ ಕೈಗೆ ಏನಾದರೂ ಬೇಕಲ್ಲ. ನೀವು ಕಟ್ಟಿದ್ದು ಉಳಿಯಿತು. ನಿಮ್ಮ ಮೇಲೆ ಒಂದಕ್ಷರ ಸುಳ್ಳು ಈ ಆಸ್ಪತ್ರೆಯಲ್ಲಿ ಇಲ್ಲ.

ಆ ಅಜ್ಜ ಕಳೆದ ವಾರ ಮತ್ತೆ ಬಂದಿದ್ದರು. ಅವರೇ ಹೌದೋ ಅಲ್ಲವೋ, ನನಗೆ ಅವರೇ ಅನ್ನಿಸಿತು. ಅರ್ಧ ಹೆಸರು ಹೇಳಿ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಸಿಕ್ಕಿತು. "ಇಷ್ಟ್ ಬೇಗನಾ?" ಎಂದು ಅನುಮಾನದಿಂದ ನೋಡಿದರು.

ಕೊನೆಯದಾಗಿ ಒಂದು. ಒಂದು ಸಹಿಗೆ ಯಾರೂ ಸಾಯುವುದಿಲ್ಲ ಎಂದು ಬರೆದಿದ್ದಿರಿ. ನೀವೂ ಅಣ್ಣನೂ ಸಹಿ ಹಾಕಿದ ಆ ಕಾಗದದ ಪ್ರಕಾರ ನೀವು ಈಗ ನನಗೆ ಯಾರೂ ಅಲ್ಲವಂತೆ. ಅದು ನಿಮ್ಮಿಬ್ಬರ ಕಾಗದ. ನಾನು ಅದಕ್ಕೂ ಸಹಿ ಹಾಕಿಲ್ಲ.

ಇಂತಿ,
ನಿಮ್ಮ ಮೊಂಡಿ


ಜೂನ್ ೧೯

ಮೊಂಡಿ,

ನಿನ್ನ ಪತ್ರಕ್ಕೆ ಬೇಗ ಉತ್ತರ ಬರೆಯಲಿಲ್ಲ. ನೀನು ಬರೆದದ್ದನ್ನೆಲ್ಲ ಹಾಗೇ ನಂಬಿಬಿಡುವ ಅಭ್ಯಾಸ ನನಗಿಲ್ಲ. ಕೆಲಸವನ್ನು ಕಣ್ಣಾರೆ ನೋಡಬೇಕಿತ್ತು. ಕೆಮ್ಮೂ ಇತ್ತು, ಸುಳ್ಳಲ್ಲ. ಗುರುವಾರ ಅಂಗಡಿಗೆ ರಜೆ ಹೇಳಿ, ಬಸ್ಸು ಹತ್ತಿ ಬಂದೆ.

ಸಾಲಿನಲ್ಲಿ ನಿಂತೆ. ಸಾಲು ಎಲ್ಲಿದೆ ಎಂದು ಮೆಟ್ಟಿಲಿನವರೆಗೆ ಹೋಗಿ ಹುಡುಕಿ, ಇಲ್ಲದ್ದು ಕಂಡು ವಾಪಸು ಬಂದು ನಿಂತೆ. ನನ್ನ ಮುಂದೆ ನಾಲ್ಕೇ ಜನ. ದೊಡ್ಡಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಗುರುತು ಹಿಡಿದಳು ಎಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು. ಆದರೂ ಕಳ್ಳಿ, ಹಿಂದೆಂದೂ ಕಾಣದವಳ ಹಾಗೆ ಕೇಳಿದಳು.

"ಕಾರ್ಡು?"

"ಇಲ್ಲ."

"ಹೆಸ್ರು?"

ಯಾವ ಹೆಸರು ಹೇಳಲಿ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಅಲ್ಲಿ ದಾಖಲಾಗಿರುವುದು ನಿನ್ನ ಅಣ್ಣನ ಹೆಸರು ಸೇರಿಸಿಕೊಂಡಿದ್ದ ಕಾಲದ್ದು. ಆ ಭಾಗ ಈಗ ನನ್ನದಲ್ಲ. ನನ್ನದಾಗಿ ಉಳಿದಷ್ಟನ್ನು ಹೇಳಿದೆ. ಅರ್ಧವೇ.

ಬಾಯಿ ಮುಚ್ಚುವ ಮೊದಲೇ ನಾನು ಸಿಕ್ಕಿದೆ. ಚಕ್ರ ತಿರುಗಲಿಲ್ಲ. ಒಪ್ಪಿದೆ, ಮೊಂಡಿ. ಚೆನ್ನಾಗಿ ಮಾಡಿದ್ದೀಯ. ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿತ್ತೋ ಇಲ್ಲವೋ.

ದೊಡ್ಡಕ್ಕ ಪರದೆ ನೋಡುತ್ತ, ತಲೆ ಎತ್ತದೆ ಕೇಳಿದಳು. "ಏನಾದ್ರೂ ಆದ್ರೆ ಯಾರಿಗ್ ಹೇಳ್ಬೇಕು ಅನ್ನೋ ಕಡೆ ಇಬ್ರಿದ್ರು. ಗಂಡ ಅಂತ ಇದ್ದದ್ದನ್ನ ಅವ್ರ ಮನೆಯೋರೇ ಬಂದು ತೆಗೆಸಿದ್ದಾರೆ. ಇನ್ನೊಂದು ಇದೆ. ನಾದಿನಿ ಅಂತ. ಇರ್ಲಾ, ತೆಗೀಲಾ?"

ನನ್ನ ಹಿಂದಿನವರು ಗಂಟಲು ಸರಿಮಾಡಿಕೊಂಡರು. ಎಲ್ಲರ ಕೆಲಸ ಬೇಗ ಮುಗಿಯಲಿ ಎಂದು ಆ ಪುಟ ಕಟ್ಟಿದವಳು ನಾನು, ಅವತ್ತು ಆ ಸಾಲನ್ನು ನಿಲ್ಲಿಸಿದವಳೂ ನಾನೇ. ಕೆಮ್ಮು ಬಂದ ಹಾಗೆ ಮಾಡಿ ಮುಖ ಒರೆಸಿಕೊಂಡೆ.

"ಇರ್ಲಿ" ಎಂದೆ.

"ಇರ್ಲಿ ಬಿಡಿ" ಎಂದು ದೊಡ್ಡಕ್ಕ ಚೀಟಿ ಕೊಟ್ಟಳು. "ಮುಂದಿನೋರು ಬನ್ನಿ."

ಔಷಧ ತೆಗೆದುಕೊಂಡು, ನೀನು ಕೂರುವ ಮಹಡಿ ಹತ್ತದೆ ಹೊರಟುಬಂದೆ. ನಿನ್ನ ಎದುರು ಅಳುವುದು ನನಗೆ ಬೇಕಾಗಿರಲಿಲ್ಲ. ಬಸ್ಸಿನಲ್ಲಿ ಅತ್ತೆ, ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು.

ಭಾನುವಾರ ನನ್ನ ಮನೆಗೆ ಬಾ. ವಿಳಾಸ ನಿನ್ನ ಹತ್ತಿರ ಇದೆ. ಒಂದೇ ಕೋಣೆ, ಎರಡು ಲೋಟ ಇವೆ. ಬರುವೆಯಾ ಎಂದು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಇಂತಿ,
ನಿನ್ನ ಅತ್ತಿಗೆ